ಜಾಲಾಡುವ ಹಕ್ಕು

ನಮ್ಮ ಮನೆಗೆ ನುಗ್ಗಿದ ಕಳ್ಳನ ಮನೆಯನ್ನು ಒಂದು ಗಂಟೆ ಜಾಲಾಡುವುದು ಹೊಸ ಕಾನೂನಿನಲ್ಲಿ ನನ್ನ ಹಕ್ಕು. ಜಾಲಾಡಿದರೆ ಅವನಿಗೆ ಎರಡು ವರ್ಷ ಜೈಲು, ಬಿಟ್ಟರೆ ಏಳು. ಗದಗದ ಆ ಒಂದೇ ಕೋಣೆಯ ಮನೆಯಲ್ಲಿ ಅವನ ಹೆಂಡತಿ ರೇಣವ್ವ ನನಗೆ ಕುಂಕುಮ ಕೊಟ್ಟು, ತಾನೇ ಟ್ರಂಕು ತೆರೆದಳು.

“ಚೊಲೊತ್ನಾಗಿ ಚೆಲ್ಲ್ರಿ ಅಕ್ಕಾರ. ಅರ್ಧಕ್ಕ ಬಿಟ್ರ ಲೆಕ್ಕಕ್ಕ ಬರಂಗಿಲ್ಲಂತ.”

ಅವಳ ಒಳಲಂಗಗಳನ್ನು ಒಂದೊಂದಾಗಿ ಎತ್ತಿ ಎಸೆದೆ. ನನ್ನ ಬಟ್ಟೆಗಳನ್ನೂ ಅವನು ಹೀಗೇ ಮುಟ್ಟಿದ್ದ. ಹಿಟ್ಟಿನ ಡಬ್ಬಿ ಸುರಿದೆ. ದಿಂಬು ಹರಿದೆ.

“ಸಾಕ್ರಿ ಮೇಡಂ, ಟೈಮ್ ಆತು,” ಎಂದ ಬಾಗಿಲಲ್ಲಿದ್ದ ಕಾನ್‌ಸ್ಟೇಬಲ್.

“ದೇವರ ಗೂಡು ಬಾಕಿಯಿದೆ,” ಎಂದೆ.

ರೇಣವ್ವ ಅಡ್ಡ ನಿಂತಳು. ಅವಳನ್ನು ತಳ್ಳಿ ಗೂಡಿಗೆ ಕೈ ಹಾಕಿದೆ. ನನ್ನ ಕೈ ನನಗೇ ಅಸಹ್ಯವಾಯಿತು. ಆದರೂ ಹಿಂದೆ ತೆಗೆಯಲಿಲ್ಲ.