ಹನ್ನೊಂದನೇ ತುಂಡಿನ ಚೀಟಿಗಳು

ತರಕಾರಿ ತೋಟದ ಕಾರ್ಯದರ್ಶಿ ಹಿಂದೆ ಮುಂದೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಹನ್ನೊಂದನೇ ತುಂಡಿನೊಳಗೆ ಕಾಲಿಟ್ಟ. ಕೈಯಲ್ಲಿ ನೀರಿನ ಕೊಡ. ಆ ತುಂಡು ಅವನದಲ್ಲ. ಅದರ ಒಡತಿ ತೀರಿಹೋಗಿ ನಾಲ್ಕು ತಿಂಗಳಾಗಿತ್ತು. ಆ ಸುದ್ದಿಯ ಫೋನು ಬಂದದ್ದು ಅವನೊಬ್ಬನಿಗೆ. ಅವನು ಅದನ್ನು ಯಾರಿಗೂ ಹೇಳಿರಲಿಲ್ಲ.

ನೀರಿನ ಟ್ಯಾಂಕಿನ ಹಿಂದಿನ ಪಾಳು ಜಾಗವನ್ನು ಹದಿನೆಂಟು ತುಂಡು ಮಾಡಿ, ದುಡಿದು ಮನೆಯಲ್ಲಿ ಕೂತ ವಯಸ್ಸಾದವರಿಗೆ ತರಕಾರಿ ಬೆಳೆಯಲು ಕೊಟ್ಟಿದ್ದರು. ನಿಯಮ ಒಂದೇ: ಮೂರು ವಾರ ಬಾರದಿದ್ದವರ ಹೆಸರು ಹೊಡೆದು ಜಾಗ ಮುಂದಿನವರಿಗೆ. ಅದನ್ನು ಬರೆದವನೂ ಈ ಕಾರ್ಯದರ್ಶಿಯೇ. ಮೂವತ್ತೈದು ವರ್ಷ ಕಚೇರಿಯಲ್ಲಿ ಕಡತದ ಧೂಳು ಕುಡಿದ ಮನುಷ್ಯ. ಇವನಿಗೆಂದು ತುಂಡಿರಲಿಲ್ಲ. ಗೇಟಿನ ಪಕ್ಕ ತಗಡಿನ ಕೋಣೆ, ಒಂದು ಕುರ್ಚಿ, ಒಂದು ಹಾಜರಿ ಪುಸ್ತಕ. ಬಂದವರು ನಮಸ್ಕಾರ ಅಂದು ಒಳಗೆ ಹೋಗುವರು. ಹೋಗುವಾಗ ಅದೂ ಇಲ್ಲ.

ಸತ್ತವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿದು ಹೊಲಿದು ಕಣ್ಣು ಮಂಜು ಮಾಡಿಕೊಂಡವಳು. ಸಂಜೆ ಬರುವಳು. ಹಾಜರಿ ಪುಸ್ತಕದಲ್ಲಿ ಸಹಿಯ ಬದಲು ಒಂದು ಹೂವು ಗೀಚುವಳು.

"ಇದೇನಮ್ಮ, ಮಕ್ಕಳಾಟನಾ?" ಎಂದು ಒಮ್ಮೆ ಗದರಿದ್ದ.

"ನನ್ನ ಕೈ ಇಷ್ಟೇ ಕಣಪ್ಪ. ಗಿಡ ಯಾವತ್ತೂ ಬೇಜಾರು ಮಾಡ್ಕೊಂಡಿಲ್ಲ" ಅಂದಿದ್ದಳು.

ಪಕ್ಕದ ಹತ್ತನೇ ತುಂಡು ಬಸ್ ಡ್ರೈವರಣ್ಣನದು. ಎಪ್ಪತ್ತೆಂಟರ ಮುದುಕ. ಹೆಂಡತಿ ಹೋದ ಮೇಲೆ ಮನೆಯ ಗೋಡೆ ನೋಡಲಾರದೆ ಬೆಳಗ್ಗೆ ಬೆಳಗ್ಗೆಯೇ ಬಂದುಬಿಡುತ್ತಿದ್ದ. ಎರಡು ತುಂಡುಗಳ ನಡುವಿನ ತಂತಿಗೆ ಒಂದು ಬಿಸ್ಕತ್ತಿನ ಡಬ್ಬ ನೇತಾಡುತ್ತಿತ್ತು. ಬೆಳಗ್ಗೆ ಅವನು ನಾಲ್ಕು ಟೊಮೆಟೊ ಇಟ್ಟರೆ ಸಂಜೆ ಅವಳು ಒಂದು ಹಿಡಿ ಬೀಜ ಇಡುವಳು. ಮುಖಾಮುಖಿ ಸಿಗುತ್ತಿದ್ದದ್ದು ಅಪರೂಪ. ಹನ್ನೆರಡು ವರ್ಷದ ಸ್ನೇಹವೆಲ್ಲ ಆ ಡಬ್ಬದಲ್ಲೇ ನಡೆದಿತ್ತು.

ಊರಿಗೆ ಹೋದ ಅಕ್ಕ ಅಲ್ಲೇ ತೀರಿಕೊಂಡಳೆಂದು ಅವಳ ಮಗಳು ಫೋನ್ ಮಾಡಿದಾಗ ಕಾರ್ಯದರ್ಶಿ ಹೆಸರು ಹೊಡೆಯಲು ಪೆನ್ನು ಎತ್ತಿದ. ಕಿಟಕಿಯಾಚೆ ಡ್ರೈವರಣ್ಣ ಡಬ್ಬಕ್ಕೆ ಹುರುಳಿಕಾಯಿ ತುಂಬಿ, ಮುಚ್ಚಳವನ್ನು ಹೆಗಲ ಬಟ್ಟೆಯಿಂದ ಒರೆಸುತ್ತಿದ್ದ. ಡಬ್ಬಕ್ಕೆ ಉತ್ತರ ಬಾರದಿದ್ದರೆ ಈ ಮುದುಕ ಮತ್ತೆ ಗೇಟಿನ ಕಡೆ ತಲೆ ಹಾಕುವುದಿಲ್ಲ ಅನ್ನಿಸಿತು. ಹೆಸರು ಹೊಡೆಯುವ ಬದಲು ಅದರ ಮುಂದೆ ಅದೇ ಪೆನ್ನಿನಿಂದ ಹೂವು ಗೀಚಿದ.

ಆ ಸಂಜೆಯೇ ದಾರ ಹಿಡಿದು, ಅಳತೆ ಮಾಡಿ, ಗೆರೆ ಎಳೆದ ಹಾಗೆ ಮೂಲಂಗಿ ಬಿತ್ತಿದ. ಅಂಗಡಿಯಿಂದ ತಂದ ಬೀಜವನ್ನು ಡಬ್ಬಕ್ಕೆ ಹಾಕಿದ.

ಹತ್ತು ದಿನ ಕಳೆದಿರಬೇಕು. ಡಬ್ಬದಲ್ಲಿ ಎಂದೂ ಇಲ್ಲದ್ದು ಒಂದಿತ್ತು: ಚೀಟಿ. "ಮೂಲಂಗಿ ಒತ್ತೊತ್ತಾಗಿದೆ. ಒಂದು ಬಿಟ್ಟು ಒಂದು ಕಿತ್ತರೆ ಉಳಿದದ್ದು ಬದುಕೀತು."

ಕಿತ್ತ. ಎಡಗೈಯಲ್ಲಿ ಸೊಟ್ಟಗೆ "ಕಿತ್ತಾಯಿತು" ಎಂದು ಬರೆದಿಟ್ಟ.

ಆಮೇಲೆ ದಿನಕ್ಕೊಂದು. "ನೀರು ಬುಡಕ್ಕೆ, ಎಲೆಗಲ್ಲ." "ಗುದ್ದಲಿ ಹಿಡಿದಾಗ ಬಗ್ಗಬೇಕಾದ್ದು ಮಂಡಿ, ಬೆನ್ನಲ್ಲ." "ಕೆಂಪು ದಾರ ಕಟ್ಟಿದ್ದು ಕಳೆ. ಮಿಕ್ಕದ್ದು ಬೆಳೆ."

ಹನ್ನೆರಡು ವರ್ಷ ಮಣ್ಣಲ್ಲಿ ಕೈಯಾಡಿಸಿದವಳಿಗೆ ಪಾಠ ಹೇಳುತ್ತಾನಲ್ಲ, ಎಂಥ ಜಂಬದ ಮುದುಕ ಎಂದು ಗೊಣಗುತ್ತಲೇ ಹೇಳಿದ್ದನ್ನೆಲ್ಲ ಮಾಡಿದ. ಕೈ ಬಿರುಸಾಯಿತು, ಹಸಿವಾಗತೊಡಗಿತು. ಊಟದ ತಟ್ಟೆಯ ಪಕ್ಕ ಚೀಟಿ ಇಟ್ಟುಕೊಂಡು ಓದುವ ರೂಢಿಯಾಯಿತು. ಅವನಿಗೆ ಯಾರಾದರೂ ಬರೆದು ಎಷ್ಟೋ ವರ್ಷವಾಗಿತ್ತು.

"ಭಾನುವಾರ ಮಾತಾಡಲು ಯಾರೂ ಸಿಗಲಿಲ್ಲ" ಎಂದು ಒಂದು ಚೀಟಿ ಬಂತು.

"ನನಗೂ ಯಾರೂ ಇಲ್ಲ" ಎಂದು ಬರೆದುಬಿಟ್ಟ. ಅಕ್ಕನಿಗೆ ಮಗಳಿದ್ದಾಳೆಂಬುದು ಮನೆಗೆ ಹೋದ ಮೇಲೆ ನೆನಪಾಯಿತು. ಡ್ರೈವರಣ್ಣ ಆ ಮಾತೆತ್ತಲಿಲ್ಲ. ಅಕ್ಕ ಯಾಕೆ ಕಾಣುತ್ತಿಲ್ಲವೆಂದು ಕೇಳಿದರೆ ಹೇಳಲು ಮಂಡಿನೋವು ಎಂಬ ಸುಳ್ಳೂ ತಯಾರಿತ್ತು. ಅವನು ಅದನ್ನೂ ಕೇಳಲಿಲ್ಲ.

ಅಷ್ಟರಲ್ಲಿ ತೋಟದ ಸಂಘದ ಅಧ್ಯಕ್ಷರ ಆಜ್ಞೆ ಬಂತು. ಸೋಮವಾರ ಹದಿನೆಂಟು ಜನವೂ ಖುದ್ದಾಗಿ ಹಾಜರಿರಬೇಕು. ಬಾರದವರ ಜಾಗ ಅಲ್ಲೇ ಬೇರೆಯವರಿಗೆ.

ಡ್ರೈವರಣ್ಣನಿಗೆ ಬೇರೆಯವರ ಬಾಯಿಂದ ಗೊತ್ತಾಗುವುದಕ್ಕಿಂತ ತಾನೇ ಹೇಳುವುದು ಲೇಸು. ಹೇಳಿದರೆ ಚೀಟಿ ನಿಲ್ಲುತ್ತದೆ. ತನ್ನನ್ನು ಕಂಡರೆ ಮುದುಕ ಉಗಿಯುತ್ತಾನೆ. ಶನಿವಾರ ಬೆಳಗ್ಗೆ ಕಾರ್ಯದರ್ಶಿ ಹತ್ತನೇ ತುಂಡಿನ ಅಂಚಿನಲ್ಲಿ ಹೋಗಿ ನಿಂತ. ಡ್ರೈವರಣ್ಣ ಟೊಮೆಟೊ ಗಿಡಕ್ಕೆ ಕೋಲು ಕಟ್ಟುತ್ತಿದ್ದ.

"ಏನು ಸೆಕ್ರೆಟ್ರಿಗಳು, ಇಷ್ಟು ಬೆಳಗ್ಗೆ? ಕುರ್ಚಿ ಕಚ್ಚಿತಾ?"

"ಡ್ರೈವರಣ್ಣ, ಒಂದು ಮಾತು. ಬೈಬೇಡಿ."

"ಹೇಳು ನೋಡೋಣ. ಬೈಯೋದು ಬಿಡೋದು ಆಮೇಲೆ."

"ಅಕ್ಕ ಇಲ್ಲ. ಹೋಗಿ ನಾಲ್ಕು ತಿಂಗಳಾಯ್ತು. ಗಿಡ ನೋಡ್ತಿದ್ದೋನು ನಾನು. ಚೀಟಿ ಬರೀತಿದ್ದೋನೂ ನಾನೇ."

ಮುದುಕನ ಕೈ ನಿಲ್ಲಲಿಲ್ಲ. ಗಂಟು ಬಿಗಿದು, ಉಳಿದ ದಾರವನ್ನು ಹಲ್ಲಿನಿಂದ ಕಡಿದ.

"ಗೊತ್ತು."

"ಅಕ್ಷರ ನೋಡಿ ಹಿಡಿದ್ರಾ? ಎಡಗೈಲಿ ಬರ್ದಿದ್ದೆನಲ್ಲ."

"ನೀನು ಕಾಲಲ್ಲಿ ಬರೆದಿದ್ರೂ ಅಷ್ಟೇ. ಆ ಮೂಲಂಗಿ ಸಾಲು ಕಂಡಾಗಲೇ ಗೊತ್ತಾಯ್ತು. ಅಕ್ಕ ಜನ್ಮದಲ್ಲಿ ನೆಟ್ಟಗೆ ಬಿತ್ತಿದವಳಲ್ಲ. ದಾರ ಹಿಡಿದು ಗೆರೆ ಎಳೆಯೋನು ಇಲ್ಲಿ ನೀನೊಬ್ಬನೇ. ಹೋಗಿಬಿಟ್ಟಳು ಅಂದ್ಕೊಂಡು ಆವತ್ತು ನಾನೊಬ್ಬನೇ ಅತ್ತುಕೊಂಡೆ."

"ಮತ್ತೆ ಮೊದಲ ಚೀಟಿ ಬರೆದದ್ದು ನೀವಲ್ವಾ? ನಾನು ಉತ್ತರ ಕೊಟ್ಟದ್ದು ಆಮೇಲೆ. ಇಲ್ಲದವಳಿಗೆ ಯಾಕೆ ಬರೆದ್ರಿ?"

ಡ್ರೈವರಣ್ಣ ಮಂಡಿ ಬಗ್ಗಿಸಿ ಮೆಲ್ಲಗೆ ಎದ್ದು, ಅವನ ಹೆಗಲು ಹಿಡಿದು ನಿಂತ.

"ಅವಳಿಗೆ ಯಾರು ಬರೆದ್ರು ತಮ್ಮಾ? ಅಕ್ಕನಿಗೆ ಓದೋಕೇ ಬರ್ತಿರಲಿಲ್ಲ."