ಕಂಬದ ಪಕ್ಕದ ಗಾಳಿ

ನಿವೃತ್ತ ಭೌತಶಾಸ್ತ್ರ ಮೇಷ್ಟ್ರು ಪ್ರತಿ ಭಾನುವಾರ ಚರ್ಚಿನಲ್ಲಿ ಒಂದು ದಪ್ಪ ಕಂಬದ ಎಡಕ್ಕೆ ಕೂರುತ್ತಿದ್ದರು. ಅದರ ಬಲಕ್ಕೆ ಅವರ ತಮ್ಮ ಚೌರಪ್ಪ. ತಂದೆಯ ಸಮಾಧಿಯ ಕಲ್ಲಿನ ಮೇಲೆ ಯಾರ ಹೆಸರು ಮೊದಲು ಬರಬೇಕೆಂದು ಜಗಳವಾಡಿ ಇಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಪೂಜೆಯ ನಡುವೆ ಗುರುಗಳು "ಅಕ್ಕಪಕ್ಕದವರಿಗೆ ಶಾಂತಿ ಕೋರಿ" ಎಂದಾಗ ಅಣ್ಣತಮ್ಮಂದಿರು ಕಂಬವೊಂದನ್ನು ಬಿಟ್ಟು ಉಳಿದೆಲ್ಲ ದಿಕ್ಕಿಗೂ ಕೈ ಮುಗಿಯುತ್ತಿದ್ದರು.

ಈ ಭಾನುವಾರ ಮೇಷ್ಟ್ರ ಜೊತೆ ಐದು ವರ್ಷದ ಮೊಮ್ಮಗಳು ಬಂದಿದ್ದಳು.

"ತಾತ, ಇಲ್ಲಿಂದ ಫಾದರ್ ಕಾಣಲ್ಲ. ಯಾಕೆ ಇಲ್ಲೇ ಕೂತ್ಕೋತೀರ?"

"ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ ಪುಟ್ಟಿ."

ತಾತನೇ ಕಲಿಸಿದ್ದಂತೆ ಅವಳು ಬೆರಳನ್ನು ಬಾಯಲ್ಲಿ ಒದ್ದೆ ಮಾಡಿ ಮೇಲೆತ್ತಿ ನೋಡಿದಳು.

"ಬರ್ತಿಲ್ಲ."

"ಬರುತ್ತೆ. ಸ್ವಲ್ಪ ತಾಳ್ಮೆ ಬೇಕು."

"ಕಂಬದ ಆ ಕಡೆ ನೋಡ್ಕೊಂಡು ಬರ್ಲಾ?"

"ಬೇಡ. ಕಂಬ ತಡೆಯುತ್ತೆ. ಅಲ್ಲಿ ಗಾಳಿ ಇರಲ್ಲ."

ಅಷ್ಟರಲ್ಲಿ ಗುರುಗಳು ಶಾಂತಿ ಕೋರಲು ಹೇಳಿದರು. ಮೇಷ್ಟ್ರು ಮುಂದಿನವರಿಗೆ, ಹಿಂದಿನವರಿಗೆ ಕೈ ಮುಗಿದು ತಿರುಗಿದರೆ ಪಕ್ಕದಲ್ಲಿ ಮೊಮ್ಮಗಳಿಲ್ಲ. ಅವಳು ಕಂಬದ ಆಚೆಯಿಂದ ಚೌರಪ್ಪನ ತೋರುಬೆರಳು ಹಿಡಿದುಕೊಂಡು ಬರುತ್ತಿದ್ದಳು. ಆ ಬೆರಳೂ ಒದ್ದೆಯಾಗಿತ್ತು.

"ಈ ತಾತನೂ ಗಾಳಿಗೇ ಅಲ್ಲಿ ಕೂತಿದ್ರಂತೆ. ಇಬ್ರೂ ಬೆರಳು ಎತ್ತಿ ನೋಡಿದ್ವಿ, ಒಂಚೂರೂ ಇಲ್ಲ, ಪಾಪ. ಇಲ್ಲಿ ಬರುತ್ತೆ ಅಂದ್ರಲ್ಲ ನೀವು, ಅದಕ್ಕೆ ಕರ್ಕೊಂಡು ಬಂದೆ. ಸ್ವಲ್ಪ ಜರುಗಿ ತಾತ."