ಸೇನಾಪತಿಯ ದನಿ

‘ಯಮುನಾ, ಒಂಚೂರು ಮಗ್ಗಲು ತಿರುಗ್ಸೇ,’ ಎಂದು ಹಾಸಿಗೆ ಹಿಡಿದಿದ್ದ ಅಮ್ಮ ಕೂಗಿದಳು. ‘ಬಂದೆ ಕಣಮ್ಮ,’ ಎಂದ ಮೇಲಷ್ಟೇ ಮೈಕ್ ಆನ್ ಆಗಿರುವುದು ಯಮುನಾಳಿಗೆ ಕಂಡಿತು. ಆನ್‌ಲೈನ್ ಆಟದ ಕೋಟೆಯಲ್ಲಿದ್ದ ನಲವತ್ತು ಜನರೂ ಕೇಳಿಸಿಕೊಂಡಿದ್ದರು. ಎರಡು ವರ್ಷದಿಂದ ಅವರ ಪಾಲಿಗೆ ಅವಳು ಸೇನಾಪತಿ ಭೈರವ, ಟೈಪ್ ಮಾಡಿಯೇ ಮಾತಾಡುವ ಗಂಡಸು.

ಅಮ್ಮನನ್ನು ಮಗ್ಗಲು ತಿರುಗಿಸಿ ಬರುವಷ್ಟರಲ್ಲಿ ಅವಳದೇ ಪಡೆಯ ಬಿಲ್ಲುಗಾರನೊಬ್ಬ ಎರಡೂ ಪಡೆಗೆ ಕಾಣುವ ಚಾಟ್‌ನಲ್ಲಿ ಶುರುಮಾಡಿದ್ದ. ‘ಭೈರವ ಆಂಟಿನಾ ಗುರು? ಫೋಟೋ ಹಾಕಿ ಆಂಟಿ.’ ಇನ್ನೂ ಕೆಲವರು ದನಿಗೂಡಿಸಿದರು. ಅವಳ ಮನೆಯಿದ್ದ ಹನುಮಂತನಗರದಲ್ಲಿ ಎದುರು ಸಿಕ್ಕವರೆಲ್ಲ ಅವಳನ್ನು ನೋಡಿ ‘ಪಾಪ’ ಎನ್ನುತ್ತಿದ್ದರು. ಹಾಗೆನ್ನದ ಜಾಗ ಈ ಕೋಟೆಯೊಂದೇ ಆಗಿತ್ತು. ಭೈರವನನ್ನು ಶಾಶ್ವತವಾಗಿ ಅಳಿಸಿಹಾಕುವ ಬಟನ್ನಿನ ಮೇಲೆ ಅವಳು ಬೆರಳಿಟ್ಟಳು.

ಅಷ್ಟರಲ್ಲಿ, ಎರಡು ವರ್ಷದಿಂದ ಅವಳೊಡನೆ ಕಾದಾಡುತ್ತಿದ್ದ ಶತ್ರುಪಡೆಯ ನಾಯಕ ಒಬ್ಬನೇ ಕೋಟೆಯೊಳಗೆ ನಡೆದು ಬಂದು, ಕತ್ತಿ ಕೆಳಗಿಟ್ಟು, ಭೈರವನ ಮುಂದೆ ಮಂಡಿಯೂರಿದ.

‘ಸೇನಾಪತಿಗಳೇ, ನಿಮ್ಮ ಸೈನಿಕರು ಹೀಗೆ ಮಾತನಾಡಲು ನಿಮ್ಮ ಅಪ್ಪಣೆಯಿದೆಯೇ?’

ಯಮುನಾ ಕಣ್ಣೊರೆಸಿಕೊಂಡಳು. ಮೊದಲ ಬಾರಿಗೆ ಟೈಪ್ ಮಾಡದೆ, ತನ್ನದೇ ದನಿಯಲ್ಲಿ ಹೇಳಿದಳು:

‘ಇಲ್ಲ. ಆ ಬಿಲ್ಲುಗಾರನನ್ನು ಕೋಟೆಯಿಂದ ಹೊರಗಟ್ಟಿ. ಇದು ಭೈರವನ ಅಪ್ಪಣೆ.’